ಟರ್ಬೊ ಹ್ಯಾಚ್‌ಬ್ಯಾಕ್‌ನ ನಿಜವಾದ ಮೈಲೇಜ್: ಅಳೆಯುವುದು ಹೇಗೆ, ಉಳಿಸುವುದು ಎಲ್ಲಿ

ಚುರುಕಾದ ಟರ್ಬೊ ಹ್ಯಾಚ್‌ಬ್ಯಾಕ್ ಕೊಂಡವರು ಮೊದಲ ಎರಡು ತಿಂಗಳಲ್ಲಿ ಕೇಳುವ ಪ್ರಶ್ನೆ ಬಹುತೇಕ ಒಂದೇ ಆಗಿರುತ್ತದೆ. ಕಂಪನಿಯ ಕಾಗದದಲ್ಲಿ ಲೀಟರಿಗೆ 16 ಕಿ.ಮೀ. ಎಂದಿದೆ, ನನಗೆ 12 ಮಾತ್ರ ಸಿಗುತ್ತಿದೆ, ಕಾರಿನಲ್ಲಿ ದೋಷವಿದೆಯೇ? ಹೆಚ್ಚಿನ ಸಂದರ್ಭಗಳಲ್ಲಿ ದೋಷವೇನೂ ಇರುವುದಿಲ್ಲ. ಒಂದೇ ಕಾರು, ಒಂದೇ ರಸ್ತೆ, ಒಂದೇ ಪೆಟ್ರೋಲ್ ಇದ್ದರೂ ಓಡಿಸುವವರು ಬದಲಾದರೆ ಇಂಥ ಕಾರು ಲೀಟರಿಗೆ 9 ಕಿ.ಮೀ. ಕೂಡ ಕೊಡಬಲ್ಲದು, 16 ಕೂಡ ಕೊಡಬಲ್ಲದು. ಟರ್ಬೊ ಇಲ್ಲದ ಸಾಧಾರಣ ಚಿಕ್ಕ ಕಾರಿನಲ್ಲಿ ಈ ಅಂತರ ಇಷ್ಟು ಅಗಲವಾಗಿರುವುದಿಲ್ಲ. ಆದ್ದರಿಂದ ಟರ್ಬೊ ಕಾರಿನ ಮೈಲೇಜನ್ನು ಒಂದು ನಿಗದಿತ ಸಂಖ್ಯೆಯಾಗಿ ನೋಡುವುದನ್ನು ಬಿಟ್ಟು, ಪೆಟ್ರೋಲ್ ಯಾವ ಗಳಿಗೆಗಳಲ್ಲಿ ಖರ್ಚಾಗುತ್ತಿದೆ ಎಂಬುದನ್ನು ಕಂಡುಕೊಳ್ಳಬೇಕು. ಈ ಲೇಖನದ ಹೆಜ್ಜೆಗಳೆಲ್ಲ ಆ ಕಡೆಗೇ ಸಾಗುತ್ತವೆ. ಕಾರನ್ನು ಸದಾ ಅಂಜಿ ಅಂಜಿ ಓಡಿಸಿ ಎಂದು ನಾನು ಹೇಳುವುದಿಲ್ಲ. ಹಾಗೆ ಓಡಿಸುವುದಾದರೆ ಈ ಬಗೆಯ ಕಾರನ್ನು ಕೊಳ್ಳುವ ಅಗತ್ಯವೇ ಇರಲಿಲ್ಲ.

ಮೊದಲು ಇಂಜಿನ್ನಿನ ಸ್ವಭಾವವನ್ನು ತಿಳಿಯಿರಿ

ಟರ್ಬೋಚಾರ್ಜರ್ ಎಂದರೆ ಹೊರಹೋಗುವ ಬಿಸಿ ಹೊಗೆಯ ಬಲದಿಂದ ತಿರುಗುವ ಗಾಳಿಪಂಪು. ಒಂದು ಬದಿಯ ಚಕ್ರವನ್ನು ಹೊಗೆ ತಿರುಗಿಸುತ್ತದೆ. ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಬದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರುಗಳಿಗೆ ತುಂಬುತ್ತದೆ. ಒಂದು ಕಿಲೋ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕಾಗುವುದರಿಂದ, ಒಳಗೆ ಹೋಗುವ ಗಾಳಿ ಹೆಚ್ಚಿದಷ್ಟೂ ಪೆಟ್ರೋಲ್ ಅದೇ ಲೆಕ್ಕದಲ್ಲಿ ಹೆಚ್ಚಲೇಬೇಕು. ವಾತಾವರಣದ ಒತ್ತಡದ ಮೇಲೆ ಟರ್ಬೊ ಇನ್ನೂ ಒಂದು ಬಾರ್ ಒತ್ತಡವನ್ನು ಸೇರಿಸಿದಾಗ 1.5 ಲೀಟರಿನ ಇಂಜಿನ್ ಹೆಚ್ಚುಕಡಿಮೆ 3 ಲೀಟರಿನ ಇಂಜಿನ್ನಿನಷ್ಟು ಗಾಳಿಯನ್ನು ಎಳೆದುಕೊಳ್ಳುತ್ತದೆ, ಪೆಟ್ರೋಲನ್ನೂ ಅಷ್ಟೇ ಕುಡಿಯುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಹಗುರವಾಗಿ ಸಾಗುವಾಗ ಅದೇ ಇಂಜಿನ್ ತನ್ನ ಸಣ್ಣ ಗಾತ್ರಕ್ಕೆ ತಕ್ಕಂತೆ ಮಿತವಾಗಿ ವರ್ತಿಸುತ್ತದೆ. ಅಂದರೆ ನಿಮ್ಮ ಬಾನೆಟ್ಟಿನ ಕೆಳಗೆ ಎರಡು ಇಂಜಿನ್‌ಗಳಿವೆ ಎಂದೇ ತಿಳಿಯಬಹುದು; ಯಾವುದು ಕೆಲಸ ಮಾಡಬೇಕು ಎಂಬುದನ್ನು ನಿಮ್ಮ ಬಲಗಾಲು ತೀರ್ಮಾನಿಸುತ್ತದೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಪೂರ್ತಿ ಆಕ್ಸಿಲರೇಟರ್ ಒತ್ತಿ ಹಿಡಿದಾಗ ಹೊಗೆಯ ಶಾಖ 900 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಟರ್ಬೈನನ್ನೂ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಆ ಶಾಖದಿಂದ ಕಾಪಾಡಲು ಅನೇಕ ಇಂಜಿನ್‌ಗಳ ಇಸಿಯು (ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲನ್ನು ಸಿಂಪಡಿಸುತ್ತದೆ. ಹೀಗೆ ಸೇರುವ ಹೆಚ್ಚುವರಿ ಪೆಟ್ರೋಲ್ ಶಕ್ತಿ ಕೊಡುವುದಿಲ್ಲ, ಆವಿಯಾಗುತ್ತಾ ಶಾಖವನ್ನು ಹೀರಿಕೊಂಡು ಹೊರಹೋಗುತ್ತದೆ. ಫೋಕ್ಸ್‌ವ್ಯಾಗನ್‌ನ ಇಎ888 ಇಂಜಿನ್ನಿನ ಮೂರನೆಯ ಪೀಳಿಗೆಯಂತಹ ವಿನ್ಯಾಸಗಳಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು (ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಕೊಳವೆಗಳನ್ನು) ಸಿಲಿಂಡರ್ ಹೆಡ್ಡಿನೊಳಗೇ ಸೇರಿಸಿ ಕೂಲಂಟ್ ನೀರಿನಿಂದ ತಂಪಾಗಿಸುವುದಕ್ಕೆ ಇದೂ ಒಂದು ಕಾರಣ. ಅಂಥ ಇಂಜಿನ್‌ಗಳಲ್ಲಿ ಈ ನಷ್ಟ ಕಡಿಮೆ. ಆದರೆ ಪೂರ್ತಿ ಇಲ್ಲವಾಗುವುದಿಲ್ಲ.

ಒಂದು ಲೆಕ್ಕವನ್ನು ನೋಡೋಣ. ಸವಾರರೂ ಸೇರಿ 1,400 ಕಿಲೋ ತೂಗುವ ಹ್ಯಾಚ್‌ಬ್ಯಾಕ್ ಗಂಟೆಗೆ 100 ಕಿ.ಮೀ. ವೇಗದಲ್ಲಿ ಸಮತಟ್ಟಾದ ರಸ್ತೆಯಲ್ಲಿ ಒಂದೇ ಸಮನೆ ಸಾಗಲು ಗಾಳಿಯ ತಡೆ ಮತ್ತು ಟೈರುಗಳ ತಡೆಯನ್ನು ಮೀರಲು ಬೇಕಾಗುವುದು ಸುಮಾರು 17 ಅಶ್ವಶಕ್ತಿ. 200 ಅಶ್ವಶಕ್ತಿಯ ಇಂಜಿನ್ನಿಗೆ ಇದು ಹನ್ನೊಂದರಲ್ಲಿ ಒಂದು ಪಾಲೂ ಅಲ್ಲ. ಆ ವೇಗದಲ್ಲಿ ಒಂದು ಗಂಟೆಗೆ ಐದೂವರೆ ಲೀಟರಿನ ಆಸುಪಾಸಿನಲ್ಲಿ ಪೆಟ್ರೋಲ್ ಸಾಕಾಗುತ್ತದೆ. ಅದೇ ಇಂಜಿನ್ ತನ್ನ 200 ಅಶ್ವಶಕ್ತಿಯನ್ನೂ ಹೊರಹಾಕುವಾಗ ಪೆಟ್ರೋಲ್ ಹರಿಯುವುದು ಗಂಟೆಗೆ ಸುಮಾರು 60 ಲೀಟರಿನ ಪ್ರಮಾಣದಲ್ಲಿ, ಅಂದರೆ ನಿಮಿಷಕ್ಕೆ ಒಂದು ಲೀಟರ್. ಅಷ್ಟು ಹೊತ್ತು ಯಾರೂ ಹಾಗೆ ಓಡಿಸುವುದಿಲ್ಲ ಎಂಬುದು ನಿಜ. ಆದರೆ ಏಳು ಸೆಕೆಂಡುಗಳ ಒಂದು ಜೋರಾದ ಎಳೆತಕ್ಕೆ ನೂರು ಮಿಲಿಲೀಟರಿನಷ್ಟು ಪೆಟ್ರೋಲ್ ಹೋಗುತ್ತದೆ. ಹಗುರವಾಗಿ ಸಾಗಿದ್ದರೆ ಅದೇ ನೂರು ಮಿಲಿಲೀಟರಿನಲ್ಲಿ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ದೂರ ಕ್ರಮಿಸಬಹುದಿತ್ತು. ದಿನಕ್ಕೆ ಹತ್ತು ಬಾರಿ ಹೀಗೆ ಎಳೆದರೆ ಮೈಲೇಜ್ ಏಕೆ ಕುಸಿಯಿತು ಎಂದು ಹುಡುಕುತ್ತಾ ಹೋಗಬೇಕಾಗಿಲ್ಲ.

ಕಾಗದದ ಅಂಕಿ ಎಲ್ಲಿಂದ ಬಂತು

ತಯಾರಕರು ಕೊಡುವ ಅಂಕಿ ಪ್ರಯೋಗಾಲಯದಲ್ಲಿ, ಉರುಳುವ ಡ್ರಮ್ಮಿನ ಮೇಲೆ ನಿಗದಿತ ಕ್ರಮದಲ್ಲಿ ಓಡಿಸಿ ಅಳೆದದ್ದು. ಯುರೋಪಿನಲ್ಲಿ ಬಹುಕಾಲ ಬಳಕೆಯಲ್ಲಿದ್ದ ಎನ್‌ಇಡಿಸಿ ಎಂಬ ಪರೀಕ್ಷೆ ಕೇವಲ 11 ಕಿ.ಮೀ. ದೂರದ್ದು, ಅದರ ವೇಗವರ್ಧನೆ ಎಷ್ಟು ಮೃದುವಾಗಿತ್ತೆಂದರೆ ಟರ್ಬೊ ಇಂಜಿನ್ ಬೂಸ್ಟಿಗೆ, ಅಂದರೆ ಟರ್ಬೊ ಸೇರಿಸುವ ಹೆಚ್ಚುವರಿ ಒತ್ತಡಕ್ಕೆ, ಹೋಗುವ ಸಂದರ್ಭವೇ ಅಪರೂಪವಾಗಿತ್ತು. ಕಾಗದದ ಮೇಲೆ ಟರ್ಬೊ ಕಾರುಗಳು ಅಷ್ಟು ಚೆನ್ನಾಗಿ ಕಂಡದ್ದು ಇದರಿಂದಲೇ. 2017ರ ಸೆಪ್ಟೆಂಬರಿನಿಂದ ಹೊಸ ಮಾದರಿಗಳಿಗೆ, ಮರುವರ್ಷದಿಂದ ಎಲ್ಲ ಹೊಸ ಕಾರುಗಳಿಗೆ ಡಬ್ಲ್ಯುಎಲ್‌ಟಿಪಿ ಜಾರಿಗೆ ಬಂತು. ಅದು 30 ನಿಮಿಷಗಳ, 23 ಕಿ.ಮೀ. ಮೀರಿದ ಪರೀಕ್ಷೆ, ಗರಿಷ್ಠ ವೇಗ ಗಂಟೆಗೆ 131 ಕಿ.ಮೀ. ಹಳೆಯದಕ್ಕಿಂತ ಎಷ್ಟೋ ವಾಸಿ. ಹಾಗಿದ್ದರೂ ಕಾರುಗಳೊಳಗಿನ ಇಂಧನ ದಾಖಲೆಗಳನ್ನು ಒಟ್ಟುಗೂಡಿಸಿ ಯುರೋಪಿಯನ್ ಕಮಿಷನ್ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಪೆಟ್ರೋಲ್ ಕಾರುಗಳು ರಸ್ತೆಯ ಮೇಲೆ ಈ ಅಂಕಿಗಿಂತ ಸರಾಸರಿ ಸುಮಾರು ಶೇ. 24ರಷ್ಟು ಹೆಚ್ಚು ಇಂಧನವನ್ನು ಬಳಸಿದ್ದವು. ಕಾಗದದಲ್ಲಿ 16 ಇದ್ದರೆ ರಸ್ತೆಯಲ್ಲಿ 13ರ ಹತ್ತಿರ ಬರುವುದು ಎಲ್ಲ ಬಗೆಯ ಪೆಟ್ರೋಲ್ ಕಾರುಗಳ ಸರಾಸರಿ ಪಾಡು ಎಂದಾಯಿತು.

ನಿರೀಕ್ಷೆಯನ್ನು ಕಾರಿನ ತೂಕಕ್ಕೂ ಹೊಂದಿಸಿಕೊಳ್ಳಿ. 2017ರ ಪೀಳಿಗೆಯ ಸುಜುಕಿ ಸ್ವಿಫ್ಟ್ ಸ್ಪೋರ್ಟ್‌ನಂತೆ 1.4 ಲೀಟರ್ ಟರ್ಬೊ ಇದ್ದು ಒಂದು ಟನ್ನಿಗಿಂತ ಕಡಿಮೆ ತೂಗುವ ಕಾರಿಗೂ, ಹೋಂಡಾ ಸಿವಿಕ್ ಟೈಪ್ ಆರ್‌ನಂತಹ 2 ಲೀಟರಿನ ಭಾರವಾದ ಕಾರಿಗೂ ಒಂದೇ ಅಳತೆಗೋಲು ಹಿಡಿಯಲಾಗದು. ಊರಿನ ಓಡಾಟವೂ ಹೆದ್ದಾರಿಯೂ ಬೆರೆತ ಬಳಕೆಯಲ್ಲಿ ಮೊದಲನೆಯದರಿಂದ 15ರ ಸುತ್ತಮುತ್ತ, ಎರಡನೆಯದರಿಂದ 11–12ರ ಸುತ್ತಮುತ್ತ ಸಿಕ್ಕರೆ ಕಾರು ಆರೋಗ್ಯವಾಗಿದೆ ಎಂದು ನಾನು ಭಾವಿಸುತ್ತೇನೆ.

ನಿಮ್ಮ ಅಂಕಿಯನ್ನು ನೀವೇ ಅಳೆಯಿರಿ

ಡ್ಯಾಶ್‌ಬೋರ್ಡಿನ ಪರದೆಯಲ್ಲಿ ಕಾಣುವ ಸರಾಸರಿಯನ್ನು ನಂಬಿ ತೀರ್ಮಾನಕ್ಕೆ ಬರಬೇಡಿ. ಇಂಜೆಕ್ಟರುಗಳು ಎಷ್ಟು ಹೊತ್ತು ತೆರೆದಿದ್ದವು ಎಂಬುದರಿಂದ ಅಂದಾಜು ಮಾಡಿದ ಅಂಕಿ ಅದು; ಅನೇಕ ಕಾರುಗಳಲ್ಲಿ ನಿಜಕ್ಕಿಂತ ಸ್ವಲ್ಪ ಹೆಚ್ಚು ಮೈಲೇಜನ್ನೇ ತೋರಿಸುತ್ತದೆ. ಟ್ಯಾಂಕಿನಿಂದ ಟ್ಯಾಂಕಿಗೆ ಲೆಕ್ಕ ಹಾಕುವ ಹಳೆಯ ವಿಧಾನವೇ ಇಂದಿಗೂ ನಂಬಬಹುದಾದದ್ದು. ಆದರೆ ಅದನ್ನೂ ಸರಿಯಾಗಿ ಮಾಡಬೇಕು.

ಸಾಧ್ಯವಾದಷ್ಟೂ ಒಂದೇ ಬಂಕಿನ ಒಂದೇ ಪಂಪಿನಲ್ಲಿ, ಕಾರು ಸಮತಟ್ಟಾಗಿ ನಿಂತಿರುವಾಗ ಟ್ಯಾಂಕ್ ತುಂಬಿಸಿ. ನಾಜಲ್ ಮೊದಲ ಸಲ ತಾನಾಗಿ ಟಕ್ಕೆಂದು ನಿಂತಾಗ ಅಲ್ಲಿಗೇ ಸಾಕು ಎನ್ನಿ. ಮೊತ್ತವನ್ನು ಪೂರ್ಣಾಂಕಕ್ಕೆ ತರಲೆಂದು ಇನ್ನಷ್ಟು ಸುರಿಸಿದರೆ ಲೆಕ್ಕ ಕೆಡುತ್ತದೆ. ಅಷ್ಟೇ ಅಲ್ಲದೆ, ಪೆಟ್ರೋಲ್ ಆವಿಯನ್ನು ಹಿಡಿದಿಡುವ ಇದ್ದಿಲಿನ ಕ್ಯಾನಿಸ್ಟರಿಗೆ ದ್ರವ ಪೆಟ್ರೋಲ್ ನುಗ್ಗಿ ಅದು ಹಾಳಾಗಲೂಬಹುದು. ದೂರದ ಮೀಟರಿನ ಅಂಕಿ, ಸುರಿದ ಲೀಟರುಗಳು, ಪರದೆ ತೋರಿಸಿದ ಸರಾಸರಿ, ಈ ಮೂರನ್ನೂ ಅಲ್ಲಿಯೇ ನಿಂತು ಬರೆದುಕೊಳ್ಳಿ. ನಾನು ಗ್ಲೋವ್‌ಬಾಕ್ಸಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟಿದ್ದೇನೆ. ಪಕ್ಕದಲ್ಲಿ ಒಂದೆರಡು ಪದಗಳನ್ನೂ ಗೀಚುತ್ತೇನೆ: ಮಳೆ, ನಾಲ್ವರು, ಹೆದ್ದಾರಿ, ಹೊಸ ಟೈರ್. ಆರು ತಿಂಗಳ ನಂತರ ಅಂಕಿಗಳಿಗಿಂತ ಈ ಗೀಚುಗಳೇ ಹೆಚ್ಚು ಉಪಯೋಗಕ್ಕೆ ಬಂದಿವೆ.

ಒಂದೇ ಟ್ಯಾಂಕಿನ ಲೆಕ್ಕಕ್ಕೆ ಬೆಲೆ ಕಡಿಮೆ. ನಾಜಲ್ ಒಮ್ಮೆ ಬೇಗನೆ, ಇನ್ನೊಮ್ಮೆ ತಡವಾಗಿ ನಿಲ್ಲುವುದರಿಂದ ಒಂದು ಲೀಟರಿನಷ್ಟು ವ್ಯತ್ಯಾಸ ಸುಲಭವಾಗಿ ಬರುತ್ತದೆ. 35 ಲೀಟರಿನಲ್ಲಿ ಅದು ಶೇ. 3ರ ಹತ್ತಿರದ ತಪ್ಪು. ಐದು ಸಲ ತುಂಬಿಸಿದ್ದನ್ನು ಒಟ್ಟಿಗೆ ಕೂಡಿಸಿದರೆ ನಡುವಿನ ತಪ್ಪುಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಉಳಿಯುವುದು ಮೊದಲ ಮತ್ತು ಕೊನೆಯ ತುಂಬಿಸುವಿಕೆಯ ತಪ್ಪು ಮಾತ್ರ. ಉದಾಹರಣೆಗೆ 2,140 ಕಿ.ಮೀ. ಓಡಿ ಐದು ಸಲ ಸೇರಿ 178.4 ಲೀಟರ್ ತುಂಬಿಸಿದ್ದರೆ ಲೀಟರಿಗೆ 12.0 ಕಿ.ಮೀ. ಆಯಿತು, ತಪ್ಪು ಶೇ. 1ಕ್ಕಿಂತ ಕಡಿಮೆ. ಅದೇ ಅವಧಿಯಲ್ಲಿ ಪರದೆ 12.7 ತೋರಿಸಿದ್ದರೆ 12.0ನ್ನು 12.7ರಿಂದ ಭಾಗಿಸಿ, 0.945 ಎಂಬ ಗುಣಕ ಸಿಗುತ್ತದೆ. ಮುಂದೆ ಪರದೆಯ ಯಾವುದೇ ಅಂಕಿಯನ್ನು ಇದರಿಂದ ಗುಣಿಸಿದರೆ ನಿಜಕ್ಕೆ ಬಹಳ ಹತ್ತಿರ ಬರುತ್ತೀರಿ. ಟೈರಿನ ಅಳತೆಯನ್ನು ಬದಲಾಯಿಸಿದ್ದರೆ ದೂರದ ಮೀಟರೇ ತಪ್ಪು ತೋರಿಸುತ್ತದೆ ಎಂಬುದನ್ನು ಮರೆಯಬೇಡಿ; ದೊಡ್ಡ ಸುತ್ತಳತೆಯ ಟೈರ್ ಹಾಕಿಸಿದ ಮೇಲೆ ಮೈಲೇಜ್ ಕುಸಿಯಿತು ಎಂಬ ದೂರಿನಲ್ಲಿ ಅರ್ಧ ಪಾಲು ಈ ಲೆಕ್ಕದ ತಪ್ಪೇ ಆಗಿರಬಹುದು.

ಸರಾಸರಿ ತೆಗೆಯುವಾಗ ಒಂದು ಎಚ್ಚರ ಬೇಕು. ಊರಿನಲ್ಲಿ 100 ಕಿ.ಮೀ. ಓಡಿಸಿದಾಗ ಲೀಟರಿಗೆ 10, ಹೆದ್ದಾರಿಯಲ್ಲಿ 100 ಕಿ.ಮೀ. ಓಡಿಸಿದಾಗ 20 ಬಂದರೆ ಸರಾಸರಿ 15 ಅಲ್ಲ. ಮೊದಲನೆಯದಕ್ಕೆ 10 ಲೀಟರ್, ಎರಡನೆಯದಕ್ಕೆ 5 ಲೀಟರ್, ಒಟ್ಟು 15 ಲೀಟರಿನಲ್ಲಿ 200 ಕಿ.ಮೀ. ಆದ್ದರಿಂದ ನಿಜವಾದ ಸರಾಸರಿ 13.3. ಕೆಟ್ಟ ಮೈಲೇಜಿನ ದೂರ ಸ್ವಲ್ಪವೇ ಇದ್ದರೂ ಒಟ್ಟು ಲೆಕ್ಕವನ್ನು ಅದೇ ಕೆಳಗೆ ಎಳೆಯುತ್ತದೆ. ಈ ಕಾರಣಕ್ಕೆ 100 ಕಿ.ಮೀ.ಗೆ ಎಷ್ಟು ಲೀಟರ್ ಎಂಬ ಲೆಕ್ಕವನ್ನು ಪಕ್ಕದಲ್ಲಿ ಬರೆದಿಡುವುದು ಒಳ್ಳೆಯದು: 8ರಿಂದ 10ಕ್ಕೆ ಏರಿದಾಗ 100 ಕಿ.ಮೀ.ಗೆ ಎರಡೂವರೆ ಲೀಟರ್ ಉಳಿಯುತ್ತದೆ, 16ರಿಂದ 20ಕ್ಕೆ ಏರಿದಾಗ ಉಳಿಯುವುದು ಒಂದೂಕಾಲು ಲೀಟರ್ ಮಾತ್ರ. ಹೆದ್ದಾರಿಯಲ್ಲಿ ಮೈಲೇಜನ್ನು ಇನ್ನಷ್ಟು ಹಿಗ್ಗಿಸಲು ಹೆಣಗುವುದಕ್ಕಿಂತ ಊರೊಳಗಿನ ದುಂದನ್ನು ತಡೆಯುವುದೇ ಲಾಭ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ವೇಗ ಕೂಡಿಸುವ ರೀತಿ

ಮೈಲೇಜ್ ಬೇಕೆಂದರೆ ಆಕ್ಸಿಲರೇಟರಿನ ಮೇಲೆ ಕಾಲಿಟ್ಟೂ ಇಡದಂತೆ ತೆವಳಬೇಕು ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಅದು ಪೂರ್ತಿ ಸರಿಯಲ್ಲ. ಥ್ರಾಟಲ್ (ಇಂಜಿನ್ನಿಗೆ ಗಾಳಿ ಬಿಡುವ ಕವಾಟ) ಸ್ವಲ್ಪವೇ ತೆರೆದಿರುವಾಗ ಇಂಜಿನ್ ಇಕ್ಕಟ್ಟಾದ ಕಂಡಿಯಿಂದ ಗಾಳಿಯನ್ನು ಎಳೆದುಕೊಳ್ಳಲು ಶಕ್ತಿಯನ್ನು ವ್ಯರ್ಥ ಮಾಡುತ್ತದೆ. ಮಧ್ಯಮ ಹೊರೆಯಲ್ಲಿ, 1,500ರಿಂದ 3,000 ಆರ್‌ಪಿಎಂ ನಡುವೆ, ಈ ಇಂಜಿನ್‌ಗಳು ಪೆಟ್ರೋಲಿನ ಶಕ್ತಿಯನ್ನು ಅತ್ಯಂತ ಚೆನ್ನಾಗಿ ಬಳಸಿಕೊಳ್ಳುತ್ತವೆ. ಆದ್ದರಿಂದ ನಿಂತಲ್ಲಿಂದ ಹೊರಡುವಾಗ ಆಕ್ಸಿಲರೇಟರನ್ನು ಮೂರನೇ ಒಂದು ಭಾಗದಿಂದ ಅರ್ಧದವರೆಗೆ ದೃಢವಾಗಿ ಒತ್ತಿ, 2,000–2,500 ಆರ್‌ಪಿಎಂ ಹೊತ್ತಿಗೆ ಮೇಲಿನ ಗೇರಿಗೆ ಹೋಗಿ, ಬೇಕಾದ ವೇಗ ತಲುಪಿದ ಕೂಡಲೇ ಕಾಲನ್ನು ಹಗುರಗೊಳಿಸಿ. ಬೂಸ್ಟ್ ಗೇಜ್ ಇದ್ದರೆ ಮುಳ್ಳು ಸೊನ್ನೆಯನ್ನು ಸ್ವಲ್ಪ ದಾಟಿದರೆ ಚಿಂತೆಯಿಲ್ಲ. ಅದು ಬಲತುದಿಗೆ ಹಾರಿ ನಿಲ್ಲುವ ಗಳಿಗೆಗಳೇ ದುಬಾರಿ. ವೇಗ ತಲುಪಿದ ಮೇಲೆ ಕಾಲನ್ನು ನಿಧಾನವಾಗಿ ಎತ್ತುತ್ತಾ ಹೋದರೆ ಮುಳ್ಳು ಸೊನ್ನೆಯ ಎಡಕ್ಕೆ ಇಳಿದು ನಿರ್ವಾತದ ಭಾಗದಲ್ಲಿ ನೆಲೆಸುವುದನ್ನೂ, ಕಾರಿನ ವೇಗ ಮಾತ್ರ ಇಳಿಯದೇ ಇರುವುದನ್ನೂ ನೋಡಬಹುದು. ಈ ಒಂದು ಅಭ್ಯಾಸ ಕೂಡಿಬಂದರೆ ಉಳಿದದ್ದೆಲ್ಲ ಸುಲಭ.

ಆಟೊಮ್ಯಾಟಿಕ್ ಗೇರ್ ಇರುವವರು ಸ್ಪೋರ್ಟ್ ಮೋಡನ್ನು ದಿನದ ಓಡಾಟಕ್ಕೆ ಹಾಕಿಡಬಾರದು. ಆ ಮೋಡಿನಲ್ಲಿ ಗೇರುಗಳು ತಡವಾಗಿ ಮೇಲೇರುತ್ತವೆ. ಆಕ್ಸಿಲರೇಟರನ್ನು ಸ್ವಲ್ಪ ಮುಟ್ಟಿದರೂ ಥ್ರಾಟಲ್ ಹೆಚ್ಚು ತೆರೆಯುವಂತೆ ಹೊಂದಿಸಿರುವುದರಿಂದ ಕಾಲಿನ ಹತೋಟಿಯೇ ತಪ್ಪುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಹಳೆಯ ಕಾರುಗಳ ಅಭ್ಯಾಸದಂತೆ ಮೇಲಿನ ಗೇರಿನಲ್ಲಿ 1,200–1,500 ಆರ್‌ಪಿಎಂಗೆ ಇಳಿದು, ಅಲ್ಲಿಂದಲೇ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಏರು ಹತ್ತಿಸಬೇಡಿ. ನೇರ ಇಂಜೆಕ್ಷನ್ ಇರುವ ಟರ್ಬೊ ಇಂಜಿನ್‌ಗಳಲ್ಲಿ ಕಡಿಮೆ ಆರ್‌ಪಿಎಂ ಮತ್ತು ಭಾರಿ ಹೊರೆ ಒಟ್ಟಿಗೆ ಬಂದಾಗ ಕಿಡಿ ಹೊತ್ತುವ ಮೊದಲೇ ಮಿಶ್ರಣ ತಾನಾಗಿ ಉರಿದುಬಿಡುವ ಅಪಾಯವಿದೆ, ಅದರ ಏಟಿಗೆ ಪಿಸ್ಟನ್ನೇ ಒಡೆಯಬಹುದು. ಇಂಜಿನ್ ಆಯಿಲ್‌ಗಳಿಗೆ 2018ರಲ್ಲಿ ಎಪಿಐ ಎಸ್‌ಎನ್ ಪ್ಲಸ್, 2020ರಲ್ಲಿ ಎಪಿಐ ಎಸ್‌ಪಿ ಎಂಬ ದರ್ಜೆಗಳು ಬಂದುದಕ್ಕೆ ಈ ಸಮಸ್ಯೆಯೂ ಒಂದು ಮುಖ್ಯ ಕಾರಣ. ಬಲ ಬೇಕಾದಾಗ ಒಂದು ಗೇರ್ ಕೆಳಗಿಳಿಸಿ. ಅದರಿಂದ ಖರ್ಚಾಗುವ ಹನಿ ಪೆಟ್ರೋಲ್ ಇಂಜಿನ್ನಿನ ಆಯುಷ್ಯದ ಮುಂದೆ ಏನೂ ಅಲ್ಲ.

ಬ್ರೇಕ್ ಮುಟ್ಟುವ ಮುನ್ನ

ಪೆಟ್ರೋಲ್ ಉರಿಸಿ ಗಳಿಸಿದ ವೇಗವನ್ನು ಬ್ರೇಕ್ ಪ್ಯಾಡುಗಳು ಶಾಖವಾಗಿ ಕರಗಿಸಿಬಿಡುತ್ತವೆ. ಅದೇ 1,400 ಕಿಲೋ ಕಾರನ್ನು ಗಂಟೆಗೆ 100 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಿಸಿದಾಗ ನಷ್ಟವಾಗುವ ಚಲನಶಕ್ತಿಯನ್ನು ಮತ್ತೆ ಗಳಿಸಲು 60 ಮಿಲಿಲೀಟರಿನಷ್ಟು ಪೆಟ್ರೋಲ್ ಬೇಕು, 50 ಕಿ.ಮೀ. ವೇಗದಿಂದ ನಿಲ್ಲಿಸಿದರೆ 15 ಮಿಲಿಲೀಟರ್. ಇದು ಅಲ್ಪವೆಂದು ತೋರಬಹುದು. ಊರೊಳಗೆ ಕಿಲೋಮೀಟರಿಗೆ ಎರಡು ಬಾರಿ ಹೀಗೆ ನಿಂತು ಹೊರಟರೆ 100 ಕಿ.ಮೀ.ಗೆ ಮೂರು ಲೀಟರ್ ಬ್ರೇಕಿನಲ್ಲೇ ಕರಗಿತು ಎಂದು ಲೆಕ್ಕ ಹಾಕಿಕೊಳ್ಳಿ. ಊರಿನ ಮೈಲೇಜಿಗೂ ಹೆದ್ದಾರಿಯ ಮೈಲೇಜಿಗೂ ಇರುವ ಅಂತರದ ಬಹುಪಾಲು ಇಲ್ಲೇ ಅಡಗಿದೆ.

ಪರಿಹಾರವಿರುವುದು ಕಣ್ಣಿನಲ್ಲಿ. ಮುಂದಿನ ಕಾರಿನ ಹಿಂಭಾಗವನ್ನೇ ನೋಡುತ್ತಾ ಓಡಿಸದೆ, ಅದರಾಚೆಯ ಸಿಗ್ನಲ್, ತಿರುವು, ರಸ್ತೆ ಉಬ್ಬುಗಳನ್ನು ಮುಂಚಿತವಾಗಿ ಗಮನಿಸಿ, ಕಾಲನ್ನು ಬೇಗ ಎತ್ತಿ. ಗೇರಿನಲ್ಲಿರುವಂತೆಯೇ ಆಕ್ಸಿಲರೇಟರನ್ನು ಪೂರ್ತಿ ಬಿಟ್ಟಾಗ, ಆರ್‌ಪಿಎಂ ಒಂದು ಮಟ್ಟಕ್ಕಿಂತ ಮೇಲಿರುವವರೆಗೆ ಇಂಜೆಕ್ಟರುಗಳು ಮುಚ್ಚಿಯೇ ಇರುತ್ತವೆ. ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ, ಪೆಟ್ರೋಲ್ ಒಂದು ಹನಿಯೂ ಖರ್ಚಾಗುವುದಿಲ್ಲ. ಪರದೆಯನ್ನು ಕ್ಷಣಕ್ಷಣದ ಮೈಲೇಜಿಗೆ ಹೊಂದಿಸಿಟ್ಟರೆ ಆಗ ಅಂಕಿ ತನ್ನ ಗರಿಷ್ಠಕ್ಕೆ ಏರಿ ನಿಲ್ಲುವುದು ಕಾಣುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಉರುಳಿಸಿದರೆ ಉಳಿತಾಯ ಎಂಬ ಮಾತನ್ನು ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡಿ: ನ್ಯೂಟ್ರಲ್‌ನಲ್ಲಿ ಇಂಜಿನ್ ಉರಿಯುತ್ತಲೇ ಇರಬೇಕು, ಇಂಜಿನ್ ಬ್ರೇಕಿಂಗ್ ಇಲ್ಲವಾಗುವುದರಿಂದ ಬ್ರೇಕುಗಳು ಕಾಯುತ್ತವೆ, ತುರ್ತಿನಲ್ಲಿ ಕಾರು ಹಿಡಿತಕ್ಕೆ ಸಿಗುವುದಿಲ್ಲ.

ನಿಂತಲ್ಲೇ ಚಾಲೂ ಇದ್ದರೆ ಈ ಗಾತ್ರದ ಇಂಜಿನ್ ಗಂಟೆಗೆ ಅರ್ಧದಿಂದ ಒಂದು ಲೀಟರ್ ಕುಡಿಯುತ್ತದೆ. ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲುವಂತಿದ್ದರೆ ಆಫ್ ಮಾಡುವುದು ಲೇಸು. ಆಟೊ ಸ್ಟಾರ್ಟ್-ಸ್ಟಾಪ್ ಇರುವವರು ಅದನ್ನು ಆಫ್ ಮಾಡಿಡಬೇಡಿ.

ಹೆದ್ದಾರಿಯ ವೇಗ

ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 100ರಿಂದ 120ಕ್ಕೆ ಹೋದರೆ ವೇಗ ಶೇ. 20 ಹೆಚ್ಚಿತು, ಗಾಳಿಯ ತಡೆ ಮಾತ್ರ ಶೇ. 44 ಹೆಚ್ಚಿತು. ಟೈರುಗಳ ತಡೆ ಹೆಚ್ಚು ಬದಲಾಗದ ಕಾರಣ ಪ್ರತಿ ಕಿಲೋಮೀಟರಿಗೆ ಬೇಕಾದ ಒಟ್ಟು ಕೆಲಸ ಸುಮಾರು ಶೇ. 30 ಏರುತ್ತದೆ. ಹೊರೆ ಹೆಚ್ಚಿದಾಗ ಇಂಜಿನ್ನಿನ ದಕ್ಷತೆ ಕೊಂಚ ಸುಧಾರಿಸುವುದರಿಂದ ಪೆಟ್ರೋಲ್ ಅಷ್ಟೇ ಪ್ರಮಾಣದಲ್ಲಿ ಏರದಿದ್ದರೂ ಕಾಲು ಭಾಗದಷ್ಟು ಹೆಚ್ಚುತ್ತದೆ ಎಂದುಕೊಳ್ಳಬಹುದು. 60 ಕಿ.ಮೀ. ದೂರವನ್ನು 120ರ ವೇಗದಲ್ಲಿ 30 ನಿಮಿಷಗಳಲ್ಲೂ, 100ರ ವೇಗದಲ್ಲಿ 36 ನಿಮಿಷಗಳಲ್ಲೂ ಮುಗಿಸುತ್ತೀರಿ. ಆ ಆರು ನಿಮಿಷಗಳಿಗೆ ಮುಕ್ಕಾಲು ಲೀಟರ್ ಪೆಟ್ರೋಲ್ ತೆತ್ತಂತಾಯಿತು. ಇಲ್ಲಿ ಸರಿ ತಪ್ಪುಗಳಿಲ್ಲ, ವೇಗದ ಮಿತಿಯೊಳಗೆ ಆಯ್ಕೆ ನಿಮ್ಮದು. ಆದರೆ ಈ ಎರಡು ವೇಗಗಳನ್ನೂ ಬಿಟ್ಟು 90ಕ್ಕೂ 130ಕ್ಕೂ ನಡುವೆ ಪದೇ ಪದೇ ಏರಿಳಿಯುತ್ತಾ ಹೋಗುವವರು ಹೆಚ್ಚಿನ ಪೆಟ್ರೋಲನ್ನೂ ಸುಡುತ್ತಾರೆ, ಸಮಯವನ್ನೂ ಉಳಿಸಿಕೊಳ್ಳುವುದಿಲ್ಲ.

2018ರ ಫೋರ್ಡ್ ಫಿಯೆಸ್ಟಾ ಎಸ್‌ಟಿಯ 1.5 ಲೀಟರ್ ಇಂಜಿನ್ನಿನಲ್ಲಿ ಹೊರೆ ಕಡಿಮೆಯಿದ್ದಾಗ ಮೂರು ಸಿಲಿಂಡರುಗಳಲ್ಲಿ ಒಂದಕ್ಕೆ ವಿಶ್ರಾಂತಿ ಕೊಡುವ ವ್ಯವಸ್ಥೆಯಿತ್ತು. ಇಂಥ ಇಂಜಿನ್ ಇರುವವರಿಗಂತೂ ಕಾಲನ್ನು ಸ್ಥಿರವಾಗಿ ಇಡುವುದರಿಂದ ಸಿಗುವ ಲಾಭ ಇನ್ನೂ ಹೆಚ್ಚು. ಕ್ರೂಸ್ ಕಂಟ್ರೋಲ್ ಸಮತಟ್ಟಾದ ರಸ್ತೆಯಲ್ಲಿ ಒಳ್ಳೆಯ ಸಹಾಯಕ. ಏರಿಳಿತದ ರಸ್ತೆಯಲ್ಲಿ ಅದು ವೇಗವನ್ನು ಬಿಡದೆ ಹಿಡಿಯಲೆಂದು ಏರಿನಲ್ಲಿ ಬೂಸ್ಟ್ ಕರೆಯುವುದರಿಂದ ಅಲ್ಲಿ ನಿಮ್ಮ ಕಾಲೇ ಮೇಲು.

ತಣ್ಣಗಿರುವ ಇಂಜಿನ್, ಸಣ್ಣ ಪಯಣ

ಬೆಳಗಿನ ಮೊದಲ ಮೂರು ನಾಲ್ಕು ಕಿಲೋಮೀಟರುಗಳಲ್ಲಿ ಮೈಲೇಜ್ ದಿನದ ಅತಿ ಕೆಳಮಟ್ಟದಲ್ಲಿರುತ್ತದೆ. ಆಯಿಲ್ ಗಟ್ಟಿಯಾಗಿರುತ್ತದೆ, ಕ್ಯಾಟಲಿಟಿಕ್ ಕನ್ವರ್ಟರನ್ನು ಬೇಗ ಬಿಸಿ ಮಾಡಲು ಇಸಿಯು ಕಿಡಿಯನ್ನು ತಡವಾಗಿಸಿ ಹೆಚ್ಚು ಪೆಟ್ರೋಲ್ ಸುಡುತ್ತದೆ. ಹತ್ತಿರದ ನಾಲ್ಕು ಕೆಲಸಗಳಿಗೆ ನಾಲ್ಕು ಸಲ ಹೊರಡುವ ಬದಲು ಒಂದೇ ಸುತ್ತಿನಲ್ಲಿ ಮುಗಿಸಿದರೆ ಈ ನಷ್ಟವನ್ನು ಒಮ್ಮೆ ಮಾತ್ರ ಭರಿಸುತ್ತೀರಿ. ನಿಂತಲ್ಲೇ ಇಂಜಿನ್ ಬಿಸಿ ಮಾಡುವ ಅಗತ್ಯವಿಲ್ಲ. ಹೊರಟು ಮೃದುವಾಗಿ ಓಡಿಸಿದರೆ ಅದು ಬೇಗ ಬಿಸಿಯಾಗುತ್ತದೆ. ಕೂಲಂಟಿನ ಮುಳ್ಳು ನಡುವಿಗೆ ಬಂದ ಮೇಲೂ ಆಯಿಲ್ ಬಿಸಿಯಾಗಲು ಇನ್ನೂ ಕೆಲವು ಕಿಲೋಮೀಟರ್ ಬೇಕು, ಟರ್ಬೊ ಬೇರಿಂಗುಗಳು ಆ ಆಯಿಲನ್ನೇ ನಂಬಿವೆ. ಆದ್ದರಿಂದ ಜೋರು ಎಳೆತಗಳನ್ನು ಅಲ್ಲಿಯವರೆಗೆ ತಡೆಹಿಡಿಯಿರಿ.

ಯಾವ ಪೆಟ್ರೋಲ್, ಯಾವ ಟೈರ್

ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲಿ ಅಥವಾ ಕೈಪಿಡಿಯಲ್ಲಿ ಬರೆದಿರುವ ಆಕ್ಟೇನ್ ಅಂಕಿಯನ್ನು (ಒತ್ತಡದಲ್ಲಿ ತಾನಾಗಿ ಹೊತ್ತಿಕೊಳ್ಳದೆ ಪೆಟ್ರೋಲ್ ತಡೆದುಕೊಳ್ಳುವ ಅಳತೆಯನ್ನು) ಪಾಲಿಸಿ. 95 ಅಥವಾ 98 ಆಕ್ಟೇನಿಗೆಂದು ಹೊಂದಿಸಿದ ಇಂಜಿನ್ನಿಗೆ 91 ಹಾಕಿದರೆ ಮಿಶ್ರಣ ಅಕಾಲದಲ್ಲಿ ಸಿಡಿಯುವುದನ್ನು ಗುರುತಿಸುವ ನಾಕ್ ಸೆನ್ಸರ್ ಎಚ್ಚರಿಸಿ ಇಸಿಯು ಕಿಡಿಯನ್ನು ಹಿಂದಕ್ಕೆ ಸರಿಸುತ್ತದೆ. ಅದರಿಂದ ಬಲವೂ ಮೈಲೇಜೂ ಇಳಿಯುತ್ತವೆ, ವಿಶೇಷವಾಗಿ ಬಿಸಿಲಿನಲ್ಲಿ, ಏರಿನಲ್ಲಿ. 91 ಸಾಕು ಎಂದು ಬರೆದಿರುವ ಕಾರಿಗೆ 98 ಹಾಕಿ ಪವಾಡವನ್ನು ನಿರೀಕ್ಷಿಸುವುದೂ ಅಷ್ಟೇ ವ್ಯರ್ಥ. ಎಥನಾಲ್ ಬೆರೆತ ಪೆಟ್ರೋಲಿನ ಲೆಕ್ಕ ಬೇರೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೆ ಎಥನಾಲಿನಲ್ಲಿರುವುದು 21 ಮಾತ್ರ. ಆದ್ದರಿಂದ ಶೇ. 10 ಬೆರೆತರೆ ಲೀಟರಿನ ಶಕ್ತಿ ಶೇ. 3ಕ್ಕಿಂತ ತುಸು ಹೆಚ್ಚಾಗಿಯೂ, ಶೇ. 20 ಬೆರೆತರೆ ಸುಮಾರು ಶೇ. 7ರಷ್ಟೂ ಕಡಿಮೆಯಾಗುತ್ತದೆ. ಎಥನಾಲಿನ ಆಕ್ಟೇನ್ ಹೆಚ್ಚಿರುವುದರಿಂದ ಅದಕ್ಕೆಂದೇ ಹೊಂದಿಸಿದ ಟರ್ಬೊ ಇಂಜಿನ್ ಈ ನಷ್ಟದಲ್ಲಿ ಸ್ವಲ್ಪವನ್ನು ಮರಳಿ ಪಡೆಯಬಹುದು. ಪೆಟ್ರೋಲಿನ ಬಗೆ ಬದಲಾದ ದಿನವನ್ನು ನೋಟ್‌ಬುಕ್ಕಿನಲ್ಲಿ ತಪ್ಪದೆ ಗುರುತಿಸಿ.

ಟೈರಿನ ಗಾಳಿಯನ್ನು ತಿಂಗಳಿಗೆ ಎರಡು ಸಲ, ಟೈರ್ ತಣ್ಣಗಿರುವಾಗ ನೋಡಿಸಿ. ನಾಲ್ಕೂ ಟೈರುಗಳಲ್ಲಿ ಒಂದು ಪಿಎಸ್‌ಐ ಕಡಿಮೆಯಾದರೆ ಮೈಲೇಜ್ ಶೇ. 0.2ರಷ್ಟು ಇಳಿಯುತ್ತದೆ ಎಂಬುದು ಅಮೆರಿಕದ ಇಂಧನ ಇಲಾಖೆಯ ಲೆಕ್ಕ. ಆರು ಪಿಎಸ್‌ಐ ಇಳಿದಿದ್ದರೆ ಶೇ. 1ಕ್ಕಿಂತ ಹೆಚ್ಚು. ಅಗಲವಾದ, ಮೃದು ರಬ್ಬರಿನ ಸ್ಪೋರ್ಟ್ ಟೈರುಗಳು ರಸ್ತೆಯನ್ನು ಹಿಡಿಯುವಷ್ಟೇ ಮೈಲೇಜನ್ನೂ ಹಿಡಿದು ಎಳೆಯುತ್ತವೆ. ಆದರೆ ಈ ಕಾರಿನ ವೇಗಕ್ಕೆ ಆ ಹಿಡಿತ ಬೇಕು, ಬ್ರೇಕಿಂಗ್ ದೂರವನ್ನು ಬಲಿಕೊಟ್ಟು ಪೆಟ್ರೋಲ್ ಉಳಿಸುವುದನ್ನು ನಾನು ಒಪ್ಪುವುದಿಲ್ಲ. ಡಿಕ್ಕಿಯಲ್ಲಿ ಬೇಡದ ಸಾಮಾನು ಇದ್ದರೆ ತೆಗೆದಿಡಿ. ಚಾವಣಿಯ ಕ್ಯಾರಿಯರನ್ನು ಬಳಕೆ ಮುಗಿದ ದಿನವೇ ಬಿಚ್ಚಿಡಿ, ಹೆದ್ದಾರಿಯಲ್ಲಿ ಸಾಮಾನಿನ ತೂಕಕ್ಕಿಂತ ಅದರ ಗಾಳಿತಡೆಯೇ ದೊಡ್ಡದು. ಇಸಿಯು ರೀಮ್ಯಾಪ್ ಮಾಡಿಸಿದರೆ, ಅಂದರೆ ಅದರ ಸಾಫ್ಟ್‌ವೇರ್ ಬದಲಾಯಿಸಿದರೆ, ಮೈಲೇಜೂ ಏರುತ್ತದೆ ಎನ್ನುವವರಿದ್ದಾರೆ. ಹಗುರ ಹೊರೆಯಲ್ಲಿ ಇಂಜಿನ್ ಆಗಲೇ ಸರಿಯಾದ ಮಿಶ್ರಣದಲ್ಲಿ ಓಡುತ್ತಿರುವುದರಿಂದ ಅಲ್ಲಿ ಗಳಿಸಲು ಉಳಿದಿರುವುದು ಅತ್ಯಲ್ಪ.

ಮೈಲೇಜ್ ಇದ್ದಕ್ಕಿದ್ದಂತೆ ಕುಸಿದರೆ

ನೋಟ್‌ಬುಕ್ಕಿನ ನಿಜವಾದ ಪ್ರಯೋಜನ ಇಲ್ಲಿದೆ. ಒಮ್ಮೆ ನನ್ನ ಕಾರು ಮೂರು ಟ್ಯಾಂಕುಗಳ ಅವಧಿಯಲ್ಲಿ 13.1ರಿಂದ 12.4ಕ್ಕೆ, ಮತ್ತೆ 11.6ಕ್ಕೆ ಇಳಿಯಿತು. ದಾರಿ ಅದೇ, ಹವೆಯೂ ಅದೇ. ಓಡಿಸುವಾಗ ಏನೂ ತಿಳಿಯುತ್ತಿರಲಿಲ್ಲ, ಏಕೆಂದರೆ ಟರ್ಬೊ ಇಂಜಿನ್ನಿಗೆ ಬಲದ ಕೊರತೆಯಿಲ್ಲ. ಸಣ್ಣ ಎಳೆತವನ್ನು ಅದು ಸದ್ದಿಲ್ಲದೆ ನುಂಗಿಕೊಂಡು ಓಡುತ್ತದೆ. ಕೊನೆಗೊಂದು ಸಂಜೆ ಬ್ರೇಕನ್ನು ಹೆಚ್ಚು ಬಳಸದೆ ಹತ್ತು ಕಿ.ಮೀ. ಓಡಿಸಿ ಬಂದು, ನಾಲ್ಕೂ ಚಕ್ರಗಳ ಹತ್ತಿರ, ಮುಟ್ಟದೆ, ಅಂಗೈ ಹಿಡಿದು ನೋಡಿದೆ. ಮೂರು ಚಕ್ರಗಳು ಬೆಚ್ಚಗಿದ್ದವು. ಹಿಂದಿನ ಎಡ ಚಕ್ರದ ಬಳಿ ಒಲೆಯ ಮುಂದೆ ಕೈ ಹಿಡಿದಂತೆ ಝಳ ಹೊಡೆಯುತ್ತಿತ್ತು, ಸುಟ್ಟ ವಾಸನೆಯೂ ಸಣ್ಣಗೆ ಬರುತ್ತಿತ್ತು. ಬ್ರೇಕ್ ಕ್ಯಾಲಿಪರಿನ ಪಿನ್ ಒಣಗಿ ಹಿಡಿದುಕೊಂಡು ಪ್ಯಾಡ್ ಡಿಸ್ಕಿಗೆ ಸದಾ ಉಜ್ಜುತ್ತಿತ್ತು. ಪಿನ್ ಶುಚಿಮಾಡಿ ಗ್ರೀಸ್ ಹಚ್ಚಿ, ಸವೆದ ಪ್ಯಾಡುಗಳನ್ನು ಬದಲಾಯಿಸಿದ ಮೇಲೆ ಮುಂದಿನ ಟ್ಯಾಂಕಿನಿಂದಲೇ ಅಂಕಿ 13ಕ್ಕೆ ಮರಳಿತು.

ಹಾಗಾಗಿ ಹುಡುಕುವ ಕ್ರಮ ಹೀಗಿರಲಿ. ಮೊದಲು ಟೈರಿನ ಗಾಳಿ, ನಂತರ ಚಕ್ರಗಳ ಬಿಸಿ, ಆಮೇಲೆ ವೀಲ್ ಅಲೈನ್‌ಮೆಂಟ್. ಹೆದ್ದಾರಿಯಲ್ಲಿ ಓಡುವಾಗಲೂ ಕೂಲಂಟಿನ ಮುಳ್ಳು ನಡುವಿನ ಮಟ್ಟಕ್ಕೆ ಏರದೇ ಇದ್ದರೆ ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರಬಹುದು. ಆಗ ಇಂಜಿನ್ ಸದಾ ತಣ್ಣಗಿನ ಲೆಕ್ಕದಲ್ಲೇ ಪೆಟ್ರೋಲ್ ಕುಡಿಯುತ್ತದೆ. ಎಳೆಯುವಾಗ ಸಿಳ್ಳೆಯಂತಹ ಅಥವಾ ಗಾಳಿ ಸೋರುವ ಹೊಸ ಸದ್ದು ಬಂದು ಬಲವೂ ಕುಗ್ಗಿದ್ದರೆ ಟರ್ಬೊ ಒತ್ತಿದ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರಿನ ಪೈಪುಗಳನ್ನೂ ಕ್ಲಾಂಪುಗಳನ್ನೂ ನೋಡಿಸಿ. ಸ್ಪಾರ್ಕ್ ಪ್ಲಗ್ಗುಗಳು ಟರ್ಬೊ ಇಂಜಿನ್ನಿನಲ್ಲಿ ಬೇಗ ಸವೆಯುತ್ತವೆ, ಕೈಪಿಡಿಯ ಅವಧಿಯನ್ನು ಮೀರಿಸಬೇಡಿ. ಇಂಜಿನ್ ದೀಪ ಹೊತ್ತಿದ್ದರೆ ಆಕ್ಸಿಜನ್ ಸೆನ್ಸರಿನ ಕೋಡ್ ಇದೆಯೇ ಎಂದು ಸ್ಕ್ಯಾನ್ ಮಾಡಿಸಿ. ಆಯಿಲ್ ಬದಲಿಸುವಾಗ ಕೈಪಿಡಿಯಲ್ಲಿ ಹೇಳಿದ ದರ್ಜೆಯನ್ನೇ ಹಾಕಿಸಿ. 0ಡಬ್ಲ್ಯು-20 ಎಂದಿರುವಲ್ಲಿ ಗಟ್ಟಿಯಾದ ಆಯಿಲ್ ಹಾಕಿದರೆ ಇಂಜಿನ್ನಿನೊಳಗಿನ ತಡೆ ಹೆಚ್ಚುತ್ತದೆ. ಕೊಳೆಯಾದ ಏರ್ ಫಿಲ್ಟರನ್ನು ಬದಲಿಸುವುದು ಅಗತ್ಯವೇ, ಆದರೆ ಅದರಿಂದ ಮೈಲೇಜ್ ಹೆಚ್ಚುತ್ತದೆ ಎಂಬ ಭರವಸೆ ಬೇಡ. ಇಂಜೆಕ್ಷನ್ ಕಾರುಗಳಲ್ಲಿ ಇಸಿಯು ಒಳಬಂದ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಕೊಡುವುದರಿಂದ ಕೊಳೆಯಾದ ಫಿಲ್ಟರ್ ಮೊದಲು ಕುಗ್ಗಿಸುವುದು ಕಾರಿನ ಬಲವನ್ನು.

ಯಾವುದೇ ಬದಲಾವಣೆ ಮಾಡಿದರೂ ಒಂದು ಸಲಕ್ಕೆ ಒಂದನ್ನೇ ಮಾಡಿ, ಕನಿಷ್ಠ ಮೂರು ಟ್ಯಾಂಕುಗಳ ಲೆಕ್ಕ ಬರುವವರೆಗೆ ಕಾಯಿರಿ. ಟೈರ್, ಆಯಿಲ್, ಪೆಟ್ರೋಲಿನ ಬಗೆ ಮೂರನ್ನೂ ಒಂದೇ ವಾರದಲ್ಲಿ ಬದಲಿಸಿದರೆ ಅಂಕಿ ಏರಿದರೂ ಇಳಿದರೂ ಅದಕ್ಕೆ ಕಾರಣ ಯಾವುದೆಂದು ನೋಟ್‌ಬುಕ್ ಹೇಳಲಾರದು.